ಅಂಗೈಯ ಬೆವರು ಮತ್ತು ಹೃದಯದ ಬಡಿತ: ಅನುವೇದಕ ನರದ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಒಂದು ಅಧ್ಯಾಯ

೧

ವೈದ್ಯಶಾಸ್ತ್ರದ ಇತಿಹಾಸವನ್ನು ವಿಜಯಗಳ ಪರಂಪರೆಯಾಗಿ ಬರೆಯುವ ವಾಡಿಕೆಯುಂಟು. ಇಂಥ ವರ್ಷದಲ್ಲಿ ಇಂಥವನು ಇಂಥ ರೋಗಕ್ಕೆ ಇಂಥ ಚಿಕಿತ್ಸೆಯನ್ನು ಕಂಡುಹಿಡಿದನೆಂದು ಹೇಳಿ ಮುಂದೆ ಸಾಗುವ ಈ ಪದ್ಧತಿಯಲ್ಲಿ ಒಂದು ಸಂಗತಿ ಮರೆಯಾಗಿಬಿಡುತ್ತದೆ. ಒಂದೇ ಶಸ್ತ್ರಕ್ರಿಯೆ ಒಂದು ಕಾಲದಲ್ಲಿ ಒಂದು ಉದ್ದೇಶಕ್ಕಾಗಿ ಹುಟ್ಟಿ, ಮತ್ತೊಂದು ಕಾಲದಲ್ಲಿ ಬೇರೆ ಉದ್ದೇಶಕ್ಕೆ ಒದಗಿದಾಗ, ಮೊದಲು ಯಾವುದು ಫಲವೆನಿಸಿತ್ತೋ ಅದೇ ಆಮೇಲೆ ಅಡ್ಡಪರಿಣಾಮವೆನಿಸಿಕೊಳ್ಳುತ್ತದೆ. ದೇಹದಲ್ಲಿ ನಡೆಯುವುದು ಒಂದೇ. ಅದಕ್ಕೆ ನಾವು ಕೊಡುವ ಹೆಸರು ಮಾತ್ರ ಬೇರೆ. ಈ ಮಾತಿಗೆ ಅಂಗೈಯ ಅತಿಬೆವರಿಗಾಗಿ ನಡೆಸುವ ನರಚ್ಛೇದನಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಬೆವರು ದೇಹಕ್ಕೆ ಅವಶ್ಯಕವಾದುದು. ಆದರೆ ಕೆಲವರಿಗೆ ಬಿಸಿಲಿಲ್ಲದೆ, ಶ್ರಮವಿಲ್ಲದೆ, ಅಂಗೈಗಳು ತೊಟ್ಟಿಕ್ಕುವಷ್ಟು ಬೆವರುತ್ತವೆ. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಉತ್ತರಪತ್ರಿಕೆ ನೆನೆದು ಶಾಯಿ ಹರಡುತ್ತದೆ; ಕುಶಲಕರ್ಮಿಯ ಕೈಯಿಂದ ಹತ್ಯಾರ ಜಾರುತ್ತದೆ; ಮತ್ತೊಬ್ಬರ ಕೈಹಿಡಿಯಲು ಮನಸ್ಸು ಹಿಂಜರಿಯುತ್ತದೆ. ಈ ತೊಂದರೆ ಬಹುಮಟ್ಟಿಗೆ ಬಾಲ್ಯದಲ್ಲಿ ಅಥವಾ ಹರೆಯದಲ್ಲಿ ತೊಡಗುತ್ತದೆ, ನಿದ್ರೆಯಲ್ಲಿ ನಿಲ್ಲುತ್ತದೆ, ಮನಸ್ಸಿನ ಉದ್ವೇಗದೊಡನೆ ಹೆಚ್ಚುತ್ತದೆ. ಅಮೆರಿಕದಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಅಂಗೈ, ಅಂಗಾಲು, ಕಂಕುಳು ಮುಂತಾದ ಎಲ್ಲ ಬಗೆಯ ಅತಿಬೆವರನ್ನೂ ಸೇರಿಸಿದರೆ, ಇದರಿಂದ ಪೀಡಿತರಾದವರು ಜನಸಂಖ್ಯೆಯ ಶೇಕಡಾ ೨.೮ರಷ್ಟಿದ್ದರು. ಇದು ಪ್ರಾಣಕ್ಕೆ ಎರವಾಗುವ ರೋಗವಲ್ಲ. ಆದರೆ ಬಾಳನ್ನು ಕುಗ್ಗಿಸಬಲ್ಲ ತೊಂದರೆ.

ಎದೆಗೂಡಿನ ಮೇಲ್ಭಾಗದಲ್ಲಿ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಇಳಿಯುವ ಒಂದು ನರಸರಪಣಿಯನ್ನು ಕತ್ತರಿಸಿದರೆ ಈ ಬೆವರು ನಿಲ್ಲುತ್ತದೆ. ಆದರೆ ಅದೇ ಸರಪಣಿಯಲ್ಲಿ ಹೃದಯದ ಬಡಿತವನ್ನು ತ್ವರೆಗೊಳಿಸುವ ತಂತುಗಳೂ ಹಾಯುತ್ತವೆ. ಹಾಗಾದರೆ ಕೈ ಒಣಗಿದಾಗ ಹೃದಯಕ್ಕೆ ಏನಾಗುತ್ತದೆ? ಈ ಪ್ರಶ್ನೆಯನ್ನು ಯಾರು, ಯಾವಾಗ, ಯಾವ ರೋಗಿಯನ್ನು ಎದುರಿಗಿಟ್ಟುಕೊಂಡು ಕೇಳಿದರು? ಇದನ್ನು ಚಾರಿತ್ರಿಕವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ನರಕ್ಕೆ ಬಂದ ಹೆಸರಿನಲ್ಲಿಯೇ ಒಂದು ಹಳೆಯ ನಂಬಿಕೆ ಅಡಗಿದೆ. ದೇಹದ ಒಂದು ಅಂಗ ನೊಂದರೆ ಮತ್ತೊಂದು ಅಂಗವೂ ಅದರೊಡನೆ ನೋಯುತ್ತದೆ, ಅಂಗಗಳ ನಡುವೆ ಒಂದು ಬಗೆಯ ಸಹವೇದನೆ ಉಂಟು ಎಂಬುದು ಗ್ರೀಕ್ ವೈದ್ಯರ ಕಾಲದಿಂದ ಬಂದ ಭಾವನೆ. ಪ್ಯಾರಿಸಿನಲ್ಲಿ ನೆಲೆಸಿದ್ದ ಅಂಗರಚನಾಶಾಸ್ತ್ರಜ್ಞ ವಿನ್‌ಸ್ಲೊ ೧೭೩೨ರಲ್ಲಿ ಬೆನ್ನೆಲುಬಿನ ಪಕ್ಕದ ಈ ಸರಪಣಿಯನ್ನು 'ಮಹಾ ಸಿಂಪಥೆಟಿಕ್ ನರ'ವೆಂದು ಕರೆದುದು ಆ ಭಾವನೆಯನ್ನು ಅನುಸರಿಸಿಯೇ. ಕನ್ನಡದಲ್ಲಿ ನಾವು ಬಳಸುವ 'ಅನುವೇದಕ' ಎಂಬ ಮಾತೂ ಅದೇ ಅರ್ಥವನ್ನು ಹೊತ್ತಿದೆ.

ಈ ನರ ಮಾಡುವ ಕೆಲಸವೇನೆಂಬುದು ತಿಳಿದುಬಂದದ್ದು ಹತ್ತೊಂಬತ್ತನೆಯ ಶತಮಾನದ ಪ್ರಯೋಗಗಳಿಂದ. ೧೮೪೫ರಲ್ಲಿ ವೇಬರ್ ಸೋದರರು ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯದ ಬಡಿತ ನಿಧಾನವಾಗಿ ಕಡೆಗೆ ನಿಂತೇಹೋಗುವುದೆಂದು ತೋರಿಸಿದರು. ನರವೊಂದು ಅಂಗವನ್ನು ಚಾಲನೆಗೊಳಿಸುವುದಲ್ಲದೆ ತಡೆಯಲೂ ಬಲ್ಲುದೆಂಬುದು ಆ ಕಾಲಕ್ಕೆ ಹೊಸ ವಿಚಾರ. ೧೮೫೧ರಲ್ಲಿ ಕ್ಲೋಡ್ ಬರ್ನಾರ್ಡ್ ಮೊಲದ ಕತ್ತಿನಲ್ಲಿರುವ ಅನುವೇದಕ ನರವನ್ನು ಕತ್ತರಿಸಿ, ಆ ಬದಿಯ ಕಿವಿ ಕೆಂಪೇರಿ ಬೆಚ್ಚಗಾಗುವುದನ್ನು ಕಂಡನು. ಮರುವರ್ಷ ಬ್ರೌನ್ ಸೆಕಾರ್ ಅದೇ ನರದ ತುದಿಯನ್ನು ಕೆರಳಿಸಿ, ರಕ್ತನಾಳಗಳು ಕುಗ್ಗಿ ಕಿವಿ ತಣ್ಣಗಾಗುವುದನ್ನು ತೋರಿಸಿದನು. ೧೮೬೦ರ ದಶಕದಲ್ಲಿ ಬೆಜೋಲ್ಡ್ ಹಾಗೂ ಸಯಾನ್ ಸೋದರರ ಪ್ರಯೋಗಗಳಿಂದ ಹೃದಯವನ್ನು ತ್ವರೆಗೊಳಿಸುವ ನರಗಳು ಅನುವೇದಕ ಸರಪಣಿಯ ಮೂಲಕ ಬರುತ್ತವೆಂಬುದು ಸ್ಥಿರವಾಯಿತು. ೧೮೭೫ರಲ್ಲಿ ಗೋಲ್ಟ್ಜ್ ಬೆಕ್ಕಿನ ಕಾಲಿನ ನರವನ್ನು ಕೆರಳಿಸಿ ಅದರ ಪಾದದ ಮೆತ್ತೆಯಲ್ಲಿ ಬೆವರಿನ ಹನಿ ಮೂಡುವುದನ್ನು ಕಂಡನು. ೧೮೯೧ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿ ಬೆಕ್ಕಿನ ಬೆವರುನರಗಳ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸಿದನು. ೧೮೯೮ರಲ್ಲಿ ನಮ್ಮ ಇಚ್ಛೆಗೆ ಒಳಪಡದ ಈ ಇಡೀ ನರವ್ಯವಸ್ಥೆಗೆ 'ಸ್ವಾಯತ್ತ ನರಮಂಡಲ' ಎಂಬ ಅರ್ಥದ ಹೆಸರನ್ನಿತ್ತನು.

ಹೀಗೆ ಇಪ್ಪತ್ತನೆಯ ಶತಮಾನ ಹುಟ್ಟುವ ವೇಳೆಗೆ, ರಕ್ತನಾಳವನ್ನು ಬಿಗಿಯುವ ನರ, ಬೆವರನ್ನು ಹೊಮ್ಮಿಸುವ ನರ, ಹೃದಯವನ್ನು ಓಡಿಸುವ ನರ ಇವು ಮೂರೂ ಒಂದೇ ಸರಪಣಿಯಲ್ಲಿ ಸಾಗುತ್ತವೆಂಬುದು ಪ್ರಯೋಗಶಾಲೆಗೆ ತಿಳಿದಿದ್ದಿತು. ಮುಂದಿನ ಕಥೆಯನ್ನೆಲ್ಲ ಓದುವಾಗ ಈ ಸಂಗತಿಯನ್ನು ನೆನಪಿನಲ್ಲಿಡುವುದು ಅವಶ್ಯಕ.

೩

ಶಸ್ತ್ರವೈದ್ಯರು ಈ ನರದ ಮೇಲೆ ಕೈಯಿಟ್ಟದ್ದು ಬೆವರಿಗಾಗಿ ಅಲ್ಲ. ಲಿವರ್‌ಪೂಲಿನ ವಿಲಿಯಂ ಅಲೆಗ್ಸಾಂಡರ್ ಮೂರ್ಛೆರೋಗಕ್ಕಾಗಿ ಕತ್ತಿನ ನರಗಂಟುಗಳನ್ನು ತೆಗೆದು, ತನ್ನ ಅನುಭವವನ್ನು ೧೮೮೯ರಲ್ಲಿ ಪ್ರಕಟಿಸಿದನು. ೧೮೯೬ರ ಸುಮಾರಿಗೆ ಫ್ರಾನ್ಸಿನ ಜಾಬುಲೇ, ರುಮೇನಿಯದ ಯೊನೆಸ್ಕು ಇವರು ಕಣ್ಣುಗುಡ್ಡೆ ಹೊರಚಾಚುವ ಗಳಗಂಡರೋಗಕ್ಕೆ ಇದೇ ಮಾರ್ಗವನ್ನು ಹಿಡಿದರು. ಈ ಪ್ರಯತ್ನಗಳು ಬಹುಕಾಲ ನಿಲ್ಲಲಿಲ್ಲ. ಆದರೆ ಕತ್ತಿನ ಹಾಗೂ ಎದೆಯ ಮೇಲ್ಭಾಗದ ನರಗಂಟುಗಳನ್ನು ತಲಪುವ ಕೈಚಳಕ ಇವುಗಳಿಂದ ಬೆಳೆಯಿತು.

೧೮೯೯ರಲ್ಲಿ ಫ್ರೆಂಚ್ ಶರೀರಕ್ರಿಯಾಶಾಸ್ತ್ರಜ್ಞ ಫ್ರಾಂಸ್ವಾ ಫ್ರಾಂಕ್ ಎದೆಯ ನೋವನ್ನು ಶಮನಗೊಳಿಸಲು ಈ ನರವನ್ನು ಕತ್ತರಿಸಬಹುದೆಂದು ಸೂಚಿಸಿದ್ದನು. ಸೂಚನೆ ಕಾರ್ಯರೂಪಕ್ಕೆ ಬಂದದ್ದು ೧೯೧೬ರಲ್ಲಿ. ಯೊನೆಸ್ಕು ಆ ವರ್ಷ ಬುಖಾರೆಸ್ಟಿನಲ್ಲಿ ಹೃದಯಶೂಲೆಯಿಂದ ನರಳುತ್ತಿದ್ದ ರೋಗಿಯೊಬ್ಬನ ಅನುವೇದಕ ನರಗಂಟುಗಳನ್ನು ತೆಗೆದನು. ರೋಗಿಗೆ ನೋವು ಕಡಮೆಯಾಯಿತು. ಹೃದಯದಿಂದ ನೋವಿನ ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುವ ತಂತುಗಳು ಇದೇ ನರಗಳ ಜೊತೆಯಲ್ಲಿ ಸಾಗುವುದರಿಂದ ಛೇದನದ ಬಳಿಕ ಸುದ್ದಿ ತಲಪುವುದಿಲ್ಲ. ಜೊತೆಗೆ ಹೃದಯವನ್ನು ಓಡಿಸುವ ಚೋದನೆಯೂ ತಗ್ಗುವುದರಿಂದ ಅದರ ಕೆಲಸದ ಹೊರೆ ಇಳಿಯುತ್ತದೆ. ಇಲ್ಲಿ ಹೃದಯದ ಮೇಲಾಗುವ ಪರಿಣಾಮವೇ ಚಿಕಿತ್ಸೆಯ ಗುರಿಯಾಗಿದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ಈ ಗುರಿಯನ್ನು ಕುರಿತೇ ಮೊದಲ ವಿವಾದ ಹುಟ್ಟಿತು. ಅದೇ ಬುಖಾರೆಸ್ಟಿನ ವೈದ್ಯ ಡಾನಿಯೆಲೊಪೊಲು, ಕತ್ತಿನ ಬುಡದಲ್ಲಿರುವ ನಕ್ಷತ್ರಾಕಾರದ ನರಗಂಟನ್ನು ತೆಗೆಯುವುದು ಅಪಾಯಕರವೆಂದು ವಾದಿಸಿದನು. ಹೃದಯವನ್ನು ಚುರುಕುಗೊಳಿಸುವ ತಂತುಗಳು ಅದರ ಮೂಲಕ ಹಾಯುತ್ತವೆ. ಮೊದಲೇ ರೋಗಗ್ರಸ್ತವಾದ ಹೃದಯದಿಂದ ಆ ಆಧಾರವನ್ನೂ ಕಿತ್ತುಕೊಂಡರೆ ಅದು ಹೊರೆಯನ್ನು ತಾಳಲಾರದು ಎಂಬುದು ಅವನ ಪಕ್ಷ. ಯೊನೆಸ್ಕು ಮತ್ತು ಫ್ರಾನ್ಸಿನ ಪ್ರಸಿದ್ಧ ಶಸ್ತ್ರವೈದ್ಯ ರೆನೆ ಲೆರೀಶ್ ತಮ್ಮ ರೋಗಿಗಳ ಅನುಭವವನ್ನು ಮುಂದಿಟ್ಟು ಇದನ್ನು ಅಲ್ಲಗಳೆದರು. ಈ ವಾದದಲ್ಲಿ ಗೆದ್ದವರಾರೆಂಬುದಕ್ಕಿಂತ, ಅನುವೇದಕ ನರವನ್ನು ಕತ್ತರಿಸುವವನು ಹೃದಯಕ್ಕೆ ಉತ್ತರ ಹೇಳಬೇಕಾದೀತೆಂಬ ಮಾತು ೧೯೨೦ರ ದಶಕದಲ್ಲಿಯೇ ಬಹಿರಂಗವಾಗಿ ಚರ್ಚಿತವಾಯಿತೆಂಬುದು ನಮ್ಮ ವಿಷಯಕ್ಕೆ ಮುಖ್ಯ.

೪

ಬೆವರಿನ ಕಥೆ ಬೇರೊಂದು ಕಡೆಯಿಂದ ಬರುತ್ತದೆ. ಜಿನೀವಾದ ಕೊಟ್ಸಾರೆಫ್ ಒಂದೇ ಬದಿಯಲ್ಲಿ ವಿಪರೀತ ಬೆವರುತ್ತಿದ್ದ ರೋಗಿಯ ಬಲಗತ್ತಿನ ಅನುವೇದಕ ನರಕಾಂಡದ ಭಾಗವನ್ನು ತೆಗೆದು, ೧೯೨೦ರಲ್ಲಿ ಅದನ್ನು ವರದಿ ಮಾಡಿದನು. ಬೆವರಿಗಾಗಿ ನಡೆದ ಅನುವೇದಕ ನರಚ್ಛೇದನಕ್ಕೆ ಇದನ್ನು ಮೊದಲನೆಯ ನಿದರ್ಶನವೆಂದು ಗಣಿಸುವ ರೂಢಿಯಿದೆ. ಆಮೇಲಿನ ಎರಡು ದಶಕಗಳಲ್ಲಿ ಕೈಯ ರಕ್ತನಾಳಗಳು ಬಿಗಿದು ಬೆರಳು ಬೆಳ್ಳಗಾಗುವ ರೋಗಕ್ಕಾಗಿ ಎದೆಯ ಮೇಲಿನ ನರಗಂಟುಗಳನ್ನು ತೆಗೆಯುತ್ತಿದ್ದಾಗ, ಕೈ ಬೆಚ್ಚಗಾಗುವುದರ ಜೊತೆಗೆ ಪೂರ್ತಿ ಒಣಗುವುದೂ ಪದೇ ಪದೇ ಕಂಡುಬಂದಿತು. ಅಲ್ಲಿಯ ಅಡ್ಡಪರಿಣಾಮ ಇಲ್ಲಿಯ ಚಿಕಿತ್ಸೆಯಾಯಿತು.

ಅಂಗರಚನೆಯ ಜ್ಞಾನವೂ ಇದೇ ಕಾಲದಲ್ಲಿ ಸೂಕ್ಷ್ಮವಾಯಿತು. ಕೈಯ ಬೆವರುನರಗಳು ಬೆನ್ನುಹುರಿಯ ಎದೆಭಾಗದಿಂದ ಹೊರಟು, ಎದೆಯ ಎರಡನೆಯ ಮೂರನೆಯ ನರಗಂಟುಗಳನ್ನು ಹಾಯ್ದು, ಮೇಲಕ್ಕೇರಿ ತೋಳಿನ ನರಗಳನ್ನು ಸೇರುತ್ತವೆ. ಹೃದಯದ ತ್ವರಕ ನರಗಳು ಎದೆಭಾಗದ ಮೊದಲ ನಾಲ್ಕೈದು ಖಂಡಗಳಿಂದ ಹೊರಡುತ್ತವೆ. ಇವು ಕತ್ತಿನ ನರಗಂಟುಗಳನ್ನು ಸುತ್ತಿಕೊಂಡೇ ಹೃದಯಕ್ಕೆ ಇಳಿಯುತ್ತವೆಂದು ಮೊದಲು ಭಾವಿಸಿದ್ದರು. ಆದರೆ ೧೯೩೦ರಲ್ಲಿ ಕುಂಟ್ಸ್ ಮತ್ತು ಮೋರ್‌ಹೌಸ್ ಎಂಬ ಅಮೆರಿಕನ್ ಅಂಗರಚನಾಶಾಸ್ತ್ರಜ್ಞರು ಮನುಷ್ಯನಲ್ಲಿ ಎದೆಯ ಮೇಲಿನ ನರಗಂಟುಗಳಿಂದ ನೇರವಾಗಿ ಹೃದಯಕ್ಕೆ ಹೋಗುವ ಕವಲುಗಳನ್ನು ವಿವರಿಸಿದರು. ಅಂದರೆ ಕೈಯ ಬೆವರಿಗಾಗಿ ಶಸ್ತ್ರ ತಾಗುವ ಸ್ಥಳವೇ ಹೃದಯದ ನರಗಳ ಹೆದ್ದಾರಿಯೂ ಆಗಿದೆ. ಮೂಲದಲ್ಲಿ ಎರಡೂ ಒಂದೇ ಊರಿನವು. ಒಂದನ್ನು ಬಿಟ್ಟು ಇನ್ನೊಂದನ್ನು ಪೂರ್ತಿಯಾಗಿ ತಡೆಯುವುದು ಸುಲಭವಲ್ಲ.

ದಾರಿ ಒಂದಾದರೂ ಈ ಎರಡು ನರಗಳು ದಾರಿಯ ಕೊನೆಯಲ್ಲಿ ಆಡುವ ಭಾಷೆ ಬೇರೆ. ೧೯೨೧ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯದ ಮೇಲಿನ ಪ್ರಯೋಗದಿಂದ, ನರಗಳು ರಾಸಾಯನಿಕ ವಸ್ತುಗಳ ಮೂಲಕ ತಮ್ಮ ಆಜ್ಞೆಯನ್ನು ಮುಟ್ಟಿಸುತ್ತವೆಂದು ತೋರಿಸಿದನು. ೧೯೩೪ರಲ್ಲಿ ಡೇಲ್ ಮತ್ತು ಫೆಲ್ಡ್‌ಬರ್ಗ್ ಬೆಕ್ಕಿನ ಪಾದದ ಬೆವರುನರಗಳು ಅನುವೇದಕ ವರ್ಗಕ್ಕೆ ಸೇರಿದ್ದರೂ ಅಸಿಟೈಲ್‌ಕೋಲೀನ್ ಎಂಬ ವಸ್ತುವನ್ನೇ ಬಿಡುಗಡೆ ಮಾಡುತ್ತವೆಂದು ಸಿದ್ಧಪಡಿಸಿದರು. ಹೃದಯದ ಅನುವೇದಕ ನರಗಳು ಬಿಡುವ ವಸ್ತು ನಾರ್‌ಅಡ್ರಿನಲೀನ್ ಎಂಬ ನಿರ್ಣಯಕ್ಕೆ ೧೯೪೬ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರನ ಸಂಶೋಧನೆ ದಾರಿಮಾಡಿತು. ಈ ವ್ಯತ್ಯಾಸ ಕೇವಲ ಪಾಂಡಿತ್ಯದ ಮಾತಲ್ಲ. ಔಷಧಿಯು ಈ ಎರಡು ಭಾಷೆಗಳನ್ನು ಬೇರ್ಪಡಿಸಬಲ್ಲದು. ಒಂದನ್ನು ತಡೆದು ಇನ್ನೊಂದನ್ನು ಬಿಡಬಲ್ಲದು. ಕತ್ತರಿಗೆ ಆ ವಿವೇಚನೆಯಿಲ್ಲ. ಅದು ಕಾಣುವುದು ನರವನ್ನು ಮಾತ್ರ. ನರ ಆಡುವ ಮಾತನ್ನಲ್ಲ.

೫

ಅನುವೇದಕ ನರವಿಲ್ಲದ ಪ್ರಾಣಿ ಬದುಕಬಲ್ಲುದೆ? ಈ ಪ್ರಶ್ನೆಗೆ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಮತ್ತು ಅವನ ಸಹೋದ್ಯೋಗಿಗಳು ೧೯೨೯ರಲ್ಲಿ ಕೊಟ್ಟ ಉತ್ತರ ಇಂದಿಗೂ ಮನನೀಯವಾದುದು. ಅವರು ಬೆಕ್ಕುಗಳಲ್ಲಿ ಇಡೀ ಅನುವೇದಕ ಸರಪಣಿಯನ್ನು ಎರಡೂ ಬದಿಗಳಿಂದ ತೆಗೆದರು. ಬೆಕ್ಕುಗಳು ಸಾಯಲಿಲ್ಲ. ಪ್ರಯೋಗಶಾಲೆಯ ಬೆಚ್ಚನೆಯ ಕೋಣೆಯಲ್ಲಿ, ಹೊತ್ತಿಗೆ ಸರಿಯಾಗಿ ಆಹಾರ ದೊರೆಯುತ್ತಿರಲು, ಅವು ನೋಡುವವರಿಗೆ ಆರೋಗ್ಯವಾಗಿಯೇ ಕಾಣುತ್ತಿದ್ದವು. ಆದರೆ ಚಳಿಗೆ ಒಡ್ಡಿದರೆ ಅವುಗಳ ರೋಮ ನಿಮಿರುತ್ತಿರಲಿಲ್ಲ, ಮೈಯ ಬಿಸಿಯನ್ನು ಅವು ಎಂದಿನಂತೆ ಕಾಪಾಡಿಕೊಳ್ಳಲಾರದಾದವು. ನಾಯಿ ಬೊಗಳಿದಾಗ ರಕ್ತದಲ್ಲಿ ಸಕ್ಕರೆ ಏರುತ್ತಿರಲಿಲ್ಲ. ಕಠಿನ ಶ್ರಮವನ್ನು ಅವು ಮೊದಲಿನಂತೆ ತಾಳುತ್ತಿರಲಿಲ್ಲ. ೧೯೩೬ರಲ್ಲಿ ಬ್ರೂಹಾ, ಕ್ಯಾನನ್ ಮತ್ತು ಡಿಲ್ ಇದೇ ಬಗೆಯ ನಾಯಿಗಳ ಹೃದಯದ ಬಡಿತವನ್ನು ವಿಶ್ರಾಂತಿಯಲ್ಲಿಯೂ ಓಟದಲ್ಲಿಯೂ ಅಭ್ಯಸಿಸಿದರು. ತ್ವರಕ ನರವಿಲ್ಲದಿದ್ದರೂ ವೇಗಸ್ ನರ ತನ್ನ ಹಿಡಿತವನ್ನು ಸಡಿಲಿಸುವುದರಿಂದ ಓಟದಲ್ಲಿ ಬಡಿತ ಏರಬಲ್ಲದು. ಆದರೆ ಆ ಏರಿಕೆಗೆ ಮಿತಿಯುಂಟು.

ಕ್ಯಾನನ್ ಇದರಿಂದ ತೆಗೆದ ಸಿದ್ಧಾಂತ ಸರಳವಾದುದು. ಅನುವೇದಕ ನರವು ಜೀವಕ್ಕೆ ಅನಿವಾರ್ಯವಲ್ಲ. ಅದು ಸಂಕಟದ ಹೊತ್ತಿನ ಬಂಟ. ದೇಹದ ಒಳಗಿನ ಸಮಸ್ಥಿತಿ ಹೊರಗಿನ ಏರುಪೇರಿನಿಂದ ಕದಡದಂತೆ ಕಾಯುವುದು ಅದರ ಕೆಲಸ. ನೆರಳಿನಲ್ಲಿ ಕುಳಿತವನಿಗೆ ಅದರ ಅಭಾವ ತೋರದು. ಬಿಸಿಲು, ಚಳಿ, ಭಯ, ಓಟಗಳಿಗೆ ಸಿಕ್ಕಿದವನಿಗೆ ತೋರುತ್ತದೆ. ಕೈಬೆವರಿನ ಶಸ್ತ್ರಚಿಕಿತ್ಸೆ ತೆಗೆಯುವುದು ಈ ವ್ಯವಸ್ಥೆಯ ಸಣ್ಣ ಭಾಗವನ್ನು ಮಾತ್ರವೆಂಬುದು ನಿಜ. ಬೆಕ್ಕಿನ ಸ್ಥಿತಿಯನ್ನು ರೋಗಿಗೆ ಹಾಗೆಯೇ ಆರೋಪಿಸುವುದು ಸಲ್ಲದು. ಆದರೆ ಪರೀಕ್ಷೆಯ ರೀತಿಯನ್ನು ಕ್ಯಾನನ್ನಿನಿಂದ ಕಲಿಯಬಹುದು. ವಿಶ್ರಾಂತಿಯಲ್ಲಿ ನಾಡಿಯನ್ನು ಎಣಿಸಿ ಎಲ್ಲವೂ ಸರಿಯಾಗಿದೆಯೆಂದರೆ ಸಾಲದು, ಶ್ರಮದಲ್ಲಿ ಎಣಿಸಬೇಕು.

೬

೧೯೩೦ರಿಂದ ೧೯೫೦ರವರೆಗಿನ ಕಾಲವನ್ನು ಅನುವೇದಕ ಶಸ್ತ್ರಚಿಕಿತ್ಸೆಯ ಉಚ್ಛ್ರಾಯಕಾಲವೆನ್ನಬಹುದು. ಬಾಸ್ಟನ್ನಿನ ಸ್ಮಿತ್‌ವಿಕ್ ರಕ್ತದೊತ್ತಡದ ರೋಗಿಗಳಲ್ಲಿ ಎದೆ ಮತ್ತು ಸೊಂಟದ ಅನುವೇದಕ ನರಗಳನ್ನು ವಿಸ್ತಾರವಾಗಿ ತೆಗೆಯುವ ಕ್ರಮವನ್ನು ರೂಢಿಗೆ ತಂದನು. ೧೯೫೩ರಲ್ಲಿ ಅವನು ಮತ್ತು ಥಾಂಪ್ಸನ್ ಪ್ರಕಟಿಸಿದ ವರದಿಯಲ್ಲಿ ಸಾವಿರಕ್ಕೂ ಮಿಕ್ಕ ರೋಗಿಗಳ ವಿವರವಿತ್ತು. ಆದರೆ ಅಷ್ಟರಲ್ಲಿಯೇ ಔಷಧಿಗಳು ಕತ್ತಿಯ ಸ್ಥಾನವನ್ನು ಆಕ್ರಮಿಸತೊಡಗಿದ್ದವು. ಇವುಗಳಲ್ಲಿ ಒಂದು ನಮ್ಮ ದೇಶದ ಸರ್ಪಗಂಧಿ. ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದಲ್ಲಿ ಈ ಬೇರಿನ ಉಪಯೋಗವನ್ನು ಕುರಿತು ೧೯೪೯ರಲ್ಲಿ ಬ್ರಿಟಿಷ್ ಹೃದಯವಿಜ್ಞಾನ ಪತ್ರಿಕೆಯಲ್ಲಿ ಬರೆದ ಲೇಖನ ಪಶ್ಚಿಮದ ಗಮನ ಸೆಳೆಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಅದರಿಂದ ರೆಸರ್ಪೀನ್ ಎಂಬ ಸತ್ವವನ್ನು ಪ್ರತ್ಯೇಕಿಸಿದರು. ಅನುವೇದಕ ನರದ ತುದಿಗಳಲ್ಲಿ ಶೇಖರವಾಗಿರುವ ನಾರ್‌ಅಡ್ರಿನಲೀನನ್ನು ಬರಿದುಮಾಡುವುದೇ ಅದರ ಗುಣವೆಂದು ಆಮೇಲೆ ತಿಳಿಯಿತು. ಶಸ್ತ್ರವೈದ್ಯನು ಕತ್ತಿಯಿಂದ ಮಾಡುತ್ತಿದ್ದುದನ್ನು ಬೇರೊಂದು ರೀತಿಯಲ್ಲಿ ಈ ಬೇರು ಮಾಡುತ್ತಿದ್ದಿತು.

೧೯೪೮ರಲ್ಲಿ ಅಮೆರಿಕದ ಆಲ್‌ಕ್ವಿಸ್ಟ್ ಅನುವೇದಕ ಚೋದನೆಯನ್ನು ಸ್ವೀಕರಿಸುವ ಗ್ರಾಹಕಗಳು ಆಲ್ಫಾ, ಬೀಟಾ ಎಂದು ಎರಡು ಬಗೆಯೆಂದು ಪ್ರತಿಪಾದಿಸಿದನು. ಈ ವಿಚಾರವನ್ನು ಹಿಡಿದು ಬ್ರಿಟನ್ನಿನ ಜೇಮ್ಸ್ ಬ್ಲಾಕ್ ೧೯೬೦ರ ದಶಕದ ಆದಿಯಲ್ಲಿ ಪ್ರೊಪ್ರನಲಾಲ್ ಎಂಬ ಬೀಟಾ ನಿರೋಧಕವನ್ನು ರೂಪಿಸಿದನು. ಅವನಿಗೆ ೧೯೮೮ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹೃದಯಶೂಲೆಯ ರೋಗಿಗೆ ಹೃದಯದ ಓಟವನ್ನು ತಗ್ಗಿಸುವ ಗುಳಿಗೆ ದೊರೆತ ಮೇಲೆ ಯೊನೆಸ್ಕುವಿನ ಮಾರ್ಗ ಬಹುಮಟ್ಟಿಗೆ ತೆರವಾಯಿತು. ಹೀಗೆ ಹೃದಯಕ್ಕಾಗಿಯೂ ರಕ್ತದೊತ್ತಡಕ್ಕಾಗಿಯೂ ಹುಟ್ಟಿದ ಶಸ್ತ್ರಕ್ರಿಯೆ ಆ ಕ್ಷೇತ್ರಗಳಿಂದ ಹಿಂದೆ ಸರಿಯಿತು. ಬೆವರಿನ ಕ್ಷೇತ್ರದಲ್ಲಿ ಅದು ಉಳಿದುಕೊಂಡಿತು.

೭

ಉಳಿದುಕೊಂಡದ್ದು ಮಾತ್ರವಲ್ಲ, ಬೆಳೆಯಿತು. ಇದಕ್ಕೆ ಕಾರಣ ಉಪಕರಣದ ಸುಧಾರಣೆ. ಸ್ಟಾಕ್‌ಹೋಮಿನ ಯಾಕೊಬೇಯಸ್ ೧೯೧೦ರಲ್ಲಿಯೇ ಎದೆಗೂಡಿನೊಳಕ್ಕೆ ನಳಿಕೆಯೊಂದನ್ನು ತೂರಿಸಿ ಒಳಗನ್ನು ನೋಡುವ ವಿಧಾನವನ್ನು ವಿವರಿಸಿದ್ದನು. ೧೯೪೨ರಲ್ಲಿ ಬ್ರಿಟನ್ನಿನ ಹ್ಯೂಸ್ ಈ ಮಾರ್ಗದಿಂದ ಅನುವೇದಕ ನರವನ್ನು ಛೇದಿಸಿದ ವರದಿಯನ್ನಿತ್ತನು. ಆಸ್ಟ್ರಿಯದ ಇನ್ಸ್‌ಬ್ರುಕ್ಕಿನ ಕುಕ್ಸ್ ೧೯೫೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಶಸ್ತ್ರಕ್ರಿಯೆಗಳ ಅನುಭವವನ್ನು ಬರೆದನು. ಆದರೂ ಬಹಳ ಕಾಲ ಕತ್ತಿನ, ಕಂಕುಳಿನ ಅಥವಾ ಬೆನ್ನಿನ ದಾರಿಯಿಂದ ಕೊಯ್ದು ನಡೆಸುವ ಶಸ್ತ್ರಕ್ರಿಯೆಯೇ ಪ್ರಚಾರದಲ್ಲಿತ್ತು. ೧೯೭೭ರಲ್ಲಿ ಇಸ್ರೇಲಿನ ಅಡಾರ್ ಮತ್ತು ಸಂಗಡಿಗರು ಕೈಬೆವರಿನ ನೂರು ರೋಗಿಗಳ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರು. ೧೯೯೦ರ ದಶಕದಲ್ಲಿ ವಿಡಿಯೊ ಕ್ಯಾಮೆರಾ ಸೇರಿದ ಸಣ್ಣ ದರ್ಶಕನಳಿಕೆಗಳು ಬಂದಮೇಲೆ, ಕಂಕುಳಿನ ಕೆಳಗೆ ಒಂದೆರಡು ಚಿಕ್ಕ ರಂಧ್ರಗಳ ಮೂಲಕ, ಶ್ವಾಸಕೋಶವನ್ನು ಕೆಲಕಾಲ ಕುಗ್ಗಿಸಿಟ್ಟು, ಅಲ್ಪಕಾಲದಲ್ಲಿ ನರವನ್ನು ಕತ್ತರಿಸುವುದು ಸಾಧ್ಯವಾಯಿತು. ಸ್ವೀಡನ್, ತೈವಾನ್, ಇಸ್ರೇಲ್ ಮುಂತಾದ ದೇಶಗಳಲ್ಲಿ ಇದು ವಿಶೇಷವಾಗಿ ಹರಡಿತು.

ಈ ಸೌಲಭ್ಯದೊಡನೆ ರೋಗಿಯೇ ಬದಲಾದನು. ಯೊನೆಸ್ಕುವಿನ ಮುಂದೆ ಮಲಗಿದ್ದವನು ಸಾವಿನ ಅಂಚಿನಲ್ಲಿದ್ದ ಹೃದ್ರೋಗಿ. ಈಗ ಮೇಜಿನ ಮೇಲೆ ಮಲಗುವವನು ಇಪ್ಪತ್ತರ ಆಸುಪಾಸಿನ, ಹೃದಯದಲ್ಲಿ ಯಾವ ದೋಷವೂ ಇಲ್ಲದ ಯುವಕ ಅಥವಾ ಯುವತಿ. ಮೊದಲಿನವನು ಅಲ್ಪಸ್ವಲ್ಪ ಹಾನಿಯನ್ನು ಲೆಕ್ಕಿಸುವ ಸ್ಥಿತಿಯಲ್ಲಿರಲಿಲ್ಲ. ಎರಡನೆಯವನ ಮುಂದೆ ಐವತ್ತು ವರ್ಷಗಳ ಬಾಳು ಇದೆ. ಹೃದಯದ ಪ್ರಶ್ನೆ ಇಲ್ಲಿ ಹೊಸ ತೂಕವನ್ನು ಪಡೆಯಿತು.

ಈ ಪ್ರಶ್ನೆಗೆ ಅಳತೆಗಳ ಉತ್ತರ ಬರತೊಡಗಿದ್ದು ೧೯೮೦ರ ದಶಕದಿಂದೀಚೆಗೆ. ೧೯೮೬ರಲ್ಲಿ ಇಸ್ರೇಲಿನ ಪಾಪಾ, ಬಾಸ್, ಅಡಾರ್ ಮೊದಲಾದವರು ಎರಡೂ ಬದಿಯ ನರಚ್ಛೇದನವಾದವರ ಹೃದಯ ಹಾಗೂ ರಕ್ತಪರಿಚಲನೆಯಲ್ಲಿ ಆಗುವ ಬದಲಾವಣೆಗಳನ್ನು ಸದ್ಯದ ಫಲ, ದೀರ್ಘಕಾಲದ ಫಲ ಎಂದು ಎರಡಾಗಿ ಪರಿಶೀಲಿಸಿದರು. ೧೯೯೪ರಲ್ಲಿ ಸ್ವೀಡನ್ನಿನ ಡ್ರಾಟ್, ಕ್ಲೇಸ್ ಮತ್ತು ಸಂಗಡಿಗರೂ, ೧೯೯೫ರಲ್ಲಿ ಬ್ರಸೆಲ್ಸಿನ ನಾಪೆನ್ ಮತ್ತು ಸಂಗಡಿಗರೂ ಇದನ್ನೇ ಅಳೆದರು. ಈ ಅಭ್ಯಾಸಗಳ ಸಾರಾಂಶ ಒಂದೇ ದಿಕ್ಕಿಗಿದೆ: ಶಸ್ತ್ರಕ್ರಿಯೆಯ ಬಳಿಕ ವಿಶ್ರಾಂತಿಯಲ್ಲಿಯೂ ಶ್ರಮದಲ್ಲಿಯೂ ಹೃದಯದ ಬಡಿತ ಮೊದಲಿಗಿಂತ ತಗ್ಗುತ್ತದೆ. ಬ್ರಸೆಲ್ಸಿನವರು ವ್ಯಾಯಾಮದ ಪರೀಕ್ಷೆಯಲ್ಲಿ ಬಡಿತದ ಶಿಖರ ಇಳಿದಿದ್ದರೂ ಶ್ರಮದ ಸಾಮರ್ಥ್ಯ ಕುಂದಲಿಲ್ಲವೆಂದು ಕಂಡು, ಈ ಸ್ಥಿತಿಯನ್ನು ಬೀಟಾ ನಿರೋಧಕ ಔಷಧಿಯ ಪರಿಣಾಮಕ್ಕೆ ಹೋಲಿಸಿದರು.

ಇದರ ಕಾರ್ಯವಿಧಾನವನ್ನು ತಿಳಿಯುವುದು ಕಷ್ಟವಲ್ಲ. ಎಲ್ಲ ನರಗಳಿಂದ ಬಿಡುಗಡೆ ಹೊಂದಿದ ಹೃದಯ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು ನೂರು ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದು ಎಪ್ಪತ್ತರ ಸುಮಾರಿಗೆ ಇಳಿಯುವುದು ವೇಗಸ್ ನರದ ಕಡಿವಾಣದಿಂದ. ಆದುದರಿಂದ ವಿಶ್ರಾಂತಿಯಲ್ಲಿ ಅನುವೇದಕ ನರದ ಪಾಲು ಅಲ್ಪ. ಶ್ರಮ ಏರಿದಂತೆ ಮೊದಲು ಕಡಿವಾಣ ಸಡಿಲುತ್ತದೆ. ಬಡಿತ ನೂರನ್ನು ದಾಟಿದ ಮೇಲೆ ಅನುವೇದಕ ಚೋದನೆಯೇ ಮುಖ್ಯವಾಗುತ್ತದೆ. ಮೇಲಿನ ಎದೆಯ ನರಗಂಟುಗಳು ಹೋದಾಗ ಈ ಎರಡನೆಯ ಬಲ ಕುಗ್ಗುತ್ತದೆ. ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ಉಳಿದ ನರಕವಲುಗಳೂ, ಮೂತ್ರಪಿಂಡದ ಮೇಲಿನ ಗ್ರಂಥಿಗಳು ರಕ್ತಕ್ಕೆ ಬಿಡುವ ಅಡ್ರಿನಲೀನೂ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಬಡಿತ ನಿಧಾನವಾದಾಗ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ತುಂಬಿಕೊಂಡು ನೂಕುತ್ತದೆ. ಅಂತೆಯೇ ಬಹುಜನರು ತಮ್ಮ ದಿನದ ಬಾಳಿನಲ್ಲಿ ವ್ಯತ್ಯಾಸವನ್ನೇ ಅರಿಯರು.

ಆದರೆ ಬಹುಜನರ ಮಾತು ಎಲ್ಲರ ಮಾತಲ್ಲ. ೧೯೯೪ರಲ್ಲಿ ತೈವಾನಿನ ಲಿನ್ ಮತ್ತು ಸಂಗಡಿಗರು ಶಸ್ತ್ರಕ್ರಿಯೆಯ ನಡುವೆಯೇ ಹೃದಯ ಸ್ತಬ್ಧವಾದ ಎರಡು ವಿರಳ ಪ್ರಸಂಗಗಳನ್ನು ವರದಿ ಮಾಡಿದರು. ೨೦೦೧ರಲ್ಲಿ ಎರಡೂ ಬದಿಯ ನರಚ್ಛೇದನದ ಬಳಿಕ ಬಡಿತ ತೀರ ನಿಧಾನವಾಗಿ, ಶಾಶ್ವತವಾದ ಪೇಸ್‌ಮೇಕರ್ ಯಂತ್ರವನ್ನು ಅಳವಡಿಸಬೇಕಾದ ಪ್ರಸಂಗ ಪ್ರಕಟವಾಯಿತು. ಇವು ಅಪರೂಪದವು. ಆದರೆ ಕೈ ಒಣಗಲೆಂದು ಬಂದ ಆರೋಗ್ಯವಂತನಿಗೆ ಅಪರೂಪದ ಅಪಾಯವನ್ನೂ ಮೊದಲೇ ಹೇಳಬೇಕಾದುದು ಧರ್ಮ. ಇದಕ್ಕಿಂತ ಬಹಳ ಸಾಮಾನ್ಯವಾದುದು, ಕೈ ಒಣಗಿದ ಮೇಲೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಹೊಸದಾಗಿ ಹೆಚ್ಚುವ ಬೆವರು. ರೋಗಿಗಳ ಪಶ್ಚಾತ್ತಾಪಕ್ಕೆ ಮುಖ್ಯಕಾರಣ ಅದೇ.

೮

ಇನ್ನು ಇತಿಹಾಸದ ಮತ್ತೊಂದು ತಿರುವು. ಹೃದಯದ ಮೇಲಿನ ಪರಿಣಾಮವನ್ನು ಬೆವರಿನ ಚಿಕಿತ್ಸೆ ಅಡ್ಡಪರಿಣಾಮವೆಂದು ಎಣಿಸುತ್ತಿದ್ದ ಕಾಲದಲ್ಲಿಯೇ, ಬೇರೆ ಕಡೆ ಅದನ್ನೇ ಬಯಸಿ ನರವನ್ನು ಕತ್ತರಿಸುತ್ತಿದ್ದರು. ೧೯೬೧ರಲ್ಲಿ ಎಸ್ಟಿಸ್ ಮತ್ತು ಇಜ್ಲಾರ್ ಹೃತ್ಕುಕ್ಷಿಯ ಮರುಕಳಿಸುವ ಅತಿವೇಗದ ಬಡಿತಕ್ಕೆ ಅನುವೇದಕ ನರಚ್ಛೇದನವನ್ನು ಪ್ರಯೋಗಿಸಿದ್ದನ್ನು ವರದಿ ಮಾಡಿದರು. ಹೃದಯದ ವಿದ್ಯುಲ್ಲೇಖನದಲ್ಲಿ ಕ್ಯೂಟಿ ಎಂಬ ಅಂತರವು ಹುಟ್ಟಿನಿಂದಲೇ ದೀರ್ಘವಾಗಿರುವ ರೋಗವೊಂದುಂಟು. ಭಯದಿಂದಲೋ ಶ್ರಮದಿಂದಲೋ ಉದ್ರೇಕಗೊಂಡಾಗ ಇಂಥವರ ಹೃದಯ ತಾಳತಪ್ಪಿ, ಎಳೆಯ ವಯಸ್ಸಿನಲ್ಲಿಯೇ ಹಠಾತ್ತನೆ ಸಾವು ಸಂಭವಿಸಬಹುದು. ೧೯೭೧ರಲ್ಲಿ ಮಾಸ್ ಮತ್ತು ಮ್ಯಾಕ್‌ಡೊನಾಲ್ಡ್ ಇಂಥ ರೋಗಿಯೊಬ್ಬರಿಗೆ ಒಂದು ಬದಿಯ ಅನುವೇದಕ ನರಗಂಟುಗಳನ್ನು ತೆಗೆದು ಉಪಶಮನ ಕಂಡರು. ಇಟಲಿಯ ಶ್ವಾರ್ಟ್ಸ್ ಮತ್ತು ಸಂಗಡಿಗರು ೨೦೦೪ರಲ್ಲಿ ಎಡಬದಿಯ ಛೇದನವಾದ ೧೪೭ ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಹೃದಯಸಂಬಂಧವಾದ ಆಕಸ್ಮಿಕಗಳು ಅವರಲ್ಲಿ ಶೇಕಡಾ ೯೧ರಷ್ಟು ತಗ್ಗಿದ್ದವು. ಅಲ್ಲಿ ತೆಗೆಯುವುದು ನಕ್ಷತ್ರಾಕಾರದ ಗಂಟಿನ ಕೆಳಗಿನ ಅರ್ಧವನ್ನೂ ಎದೆಯ ಎರಡರಿಂದ ನಾಲ್ಕನೆಯವರೆಗಿನ ಗಂಟುಗಳನ್ನೂ. ಕೈಬೆವರಿನ ಶಸ್ತ್ರವೈದ್ಯನು ಶಸ್ತ್ರವಿಡುವ ಸ್ಥಳಕ್ಕೂ ಇದಕ್ಕೂ ಇರುವ ಅಂತರ ಅಲ್ಪ.

ಎಡ ಬಲಗಳ ಭೇದವೂ ಇಲ್ಲಿ ಗಮನಾರ್ಹ. ಬಲಬದಿಯ ಅನುವೇದಕ ನರ ಹೆಚ್ಚಾಗಿ ಬಡಿತದ ವೇಗವನ್ನು ನಿಯಂತ್ರಿಸುವ ಗಂಟನ್ನೂ, ಎಡಬದಿಯದು ಹೆಚ್ಚಾಗಿ ಹೃತ್ಕುಕ್ಷಿಗಳ ಮಾಂಸವನ್ನೂ ಆಳುತ್ತದೆ. ಕೈಬೆವರಿನಲ್ಲಿ ಎರಡು ಕೈಗಳನ್ನೂ ಒಣಗಿಸಬೇಕಾದುದರಿಂದ ಎರಡು ಬದಿಗಳೂ ಶಸ್ತ್ರಕ್ಕೆ ಗುರಿಯಾಗುತ್ತವೆ.

ಎಂಬತ್ತು ವರ್ಷಗಳ ವೃತ್ತ ೧೯೯೫ರಲ್ಲಿ ಪೂರ್ತಿಯಾದಂತೆ ತೋರುತ್ತದೆ. ಆ ವರ್ಷ ಸ್ವೀಡನ್ನಿನ ವೈದ್ಯರು, ಬೇರೆ ಚಿಕಿತ್ಸೆಗೆ ಬಗ್ಗದ ತೀವ್ರ ಹೃದಯಶೂಲೆಗೆ ದರ್ಶಕನಳಿಕೆಯ ಮೂಲಕ ಅನುವೇದಕ ನರವನ್ನು ಛೇದಿಸಿದ ಅನುಭವವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಲೇಖಕರಲ್ಲಿ ಕೈಬೆವರಿನ ಚಿಕಿತ್ಸೆಯಲ್ಲಿ ಹೆಸರಾಂತ ಕ್ಲೇಸ್ ಮತ್ತು ಡ್ರಾಟ್ ಸಹ ಇದ್ದರು. ಒಂದೇ ಕೈ, ಒಂದೇ ಉಪಕರಣ, ಒಂದೇ ನರ. ಒಬ್ಬ ರೋಗಿಯಲ್ಲಿ ಹೃದಯ ನಿಧಾನವಾದುದು ಚಿಕಿತ್ಸೆಯ ಸಾಫಲ್ಯ, ಇನ್ನೊಬ್ಬನಲ್ಲಿ ಅದೇ ಟಿಪ್ಪಣಿಯಲ್ಲಿ ಬರೆದಿಡಬೇಕಾದ ಅಡ್ಡಪರಿಣಾಮ.

೯

೨೦೧೧ರಲ್ಲಿ ಅಮೆರಿಕದ ಎದೆಯ ಶಸ್ತ್ರವೈದ್ಯರ ಸಂಘದ ಪರವಾಗಿ ತಜ್ಞರು ಒಂದು ಸಮ್ಮತ ಹೇಳಿಕೆಯನ್ನು ಪ್ರಕಟಿಸಿದರು. ನರವನ್ನು ಕತ್ತರಿಸಿದ ಸ್ಥಳವನ್ನು ಪಕ್ಕೆಲುಬಿನ ಸಂಖ್ಯೆಯಿಂದ ಗುರುತಿಸಬೇಕೆಂದು ಹೇಳಿ, ವರದಿಗಳನ್ನು ಪರಸ್ಪರ ಹೋಲಿಸುವ ಹಾದಿಯನ್ನು ಅವರು ಸುಗಮಗೊಳಿಸಿದರು. ಅಂಗೈಯ ಬೆವರಿಗೆ ಮೂರನೆಯ ಅಥವಾ ನಾಲ್ಕನೆಯ ಪಕ್ಕೆಲುಬಿನ ಮಟ್ಟವನ್ನು ಸೂಚಿಸಿದರು. ಈ ಶಸ್ತ್ರಚಿಕಿತ್ಸೆಗೆ ತಕ್ಕವರ ಲಕ್ಷಣಗಳನ್ನು ಹೇಳುವಲ್ಲಿ, ವಿಶ್ರಾಂತಿಯ ಬಡಿತ ನಿಮಿಷಕ್ಕೆ ೫೫ಕ್ಕಿಂತ ಕಡಮೆಯಿಲ್ಲದವರು ಎಂಬ ಮಾತನ್ನೂ ಸೇರಿಸಿದರು. ಡಾನಿಯೆಲೊಪೊಲು ೧೯೨೦ರ ದಶಕದಲ್ಲಿ ಎತ್ತಿದ ಆಕ್ಷೇಪ ಹೀಗೆ, ಬೇರೊಂದು ರೋಗದ ಸಂದರ್ಭದಲ್ಲಿ, ಒಂದು ಅಂಕೆಯ ರೂಪದಲ್ಲಿ ಮನ್ನಣೆ ಪಡೆಯಿತೆನ್ನಬಹುದು. ಬೆವರುನರದ ರಾಸಾಯನಿಕ ಭಾಷೆ ಬೇರೆಯೆಂಬ ೧೯೩೪ರ ಶೋಧವೂ ವ್ಯರ್ಥವಾಗಲಿಲ್ಲ. ಅಸಿಟೈಲ್‌ಕೋಲೀನನ್ನು ತಡೆಯುವ ಔಷಧಿಗಳು, ಬಾಟ್ಯುಲಿನಮ್ ವಿಷದ ಸೂಜಿಮದ್ದು, ಇವುಗಳ ಜೊತೆಗೆ ಅಲ್ಯುಮಿನಿಯಮ್ ಲವಣಗಳ ಲೇಪ, ನೀರಿನಲ್ಲಿ ಕೈಯಿಟ್ಟು ಹಾಯಿಸುವ ಮಂದ ವಿದ್ಯುತ್ತು ಮೊದಲಾದವನ್ನು ಇಂದು ಮೊದಲು ಪ್ರಯೋಗಿಸಿ, ಅವು ಸೋತಾಗಲೇ ಕತ್ತರಿಯನ್ನು ನೆನೆಯುವುದು ವಿವೇಕವೆನಿಸಿದೆ.

ಇಷ್ಟರಿಂದ ಈ ಶಸ್ತ್ರಕ್ರಿಯೆ ತ್ಯಾಜ್ಯವೆಂದು ನಾವು ಹೇಳುತ್ತಿಲ್ಲ. ಒದ್ದೆಗೈಯಿಂದ ಬಾಳು ಬೇಸರವಾದವನಿಗೆ ಒಣಗೈ ಎಂಥ ಬಿಡುಗಡೆಯೆಂಬುದನ್ನು ಅಂಥವನೇ ಬಲ್ಲ. ಹೊರಗೆ ನಿಂತವರು ಅದನ್ನು ಹಗುರವಾಗಿ ಎಣಿಸಬಾರದು. ಆದರೆ ಗುಳಿಗೆಯನ್ನು ನಾಳೆ ಬಿಡಬಹುದು. ಕತ್ತರಿಸಿದ ನರವನ್ನು ಮೊದಲಿನಂತೆ ಕೂಡಿಸುವ ಭರವಸೆಯಿಲ್ಲ. ಹೃದಯದ ಮೇಲಾಗುವ ಪರಿಣಾಮ ಅಲ್ಪವೆಂಬುದು ಹೆಚ್ಚುಮಂದಿಯ ವಿಷಯದಲ್ಲಿ ಸತ್ಯ. ಆದರೆ ಅದು ಯಾರಿಗೆ ಅಲ್ಪ? ಮೇಜಿನ ಮುಂದೆ ಕುಳಿತು ದುಡಿಯುವವನಿಗೋ, ಓಟಗಾರನಿಗೋ, ಮೊದಲೇ ನಾಡಿ ನಿಧಾನವಾಗಿರುವವನಿಗೋ? ಈ ಪ್ರಶ್ನೆಯನ್ನು ಶಸ್ತ್ರಕ್ಕೆ ಮುಂಚೆಯೇ, ರೋಗಿಗೆ ತಿಳಿಯುವ ಮಾತಿನಲ್ಲಿ, ಎದುರಿಗಿಡಬೇಕು.

ಅಡ್ಡಪರಿಣಾಮವೆಂಬ ಮಾತು ದೇಹದ ನಿಘಂಟಿನಲ್ಲಿಲ್ಲ. ನರವನ್ನು ಕತ್ತರಿಸಿದಾಗ ಆಗುವುದೆಲ್ಲವೂ ದೇಹಕ್ಕೆ ಪರಿಣಾಮವೇ; ಬೇಕಾದುದು, ಬೇಡವಾದುದು ಎಂಬ ವಿಂಗಡಣೆ ನಮ್ಮದು. ಹಿಂದಿನವರು ಈ ನರಕ್ಕೆ ಸಹವೇದನೆಯ ಹೆಸರಿಟ್ಟುದು ತಪ್ಪು ಕಲ್ಪನೆಯಿಂದಲೇ ಇರಬಹುದು. ಆದರೂ ಕೈಗೆ ಮಾಡಿದ್ದು ಹೃದಯಕ್ಕೂ ಮುಟ್ಟುತ್ತದೆಂಬ ಅವರ ಊಹೆಯಲ್ಲಿ, ಈ ಒಂದು ವಿಷಯದ ಮಟ್ಟಿಗಾದರೂ, ದಿಟವಿದೆ.